ಒಳ್ಳೆಯದು ಮಾಡಲು ಹೋಗಿ ಎಡವಟ್ಟು ಮಾಡುವ ಮಕ್ಕಳ ಕತೆಗಳು

ಚಿಕ್ಕಮಗಳೂರಿನ ಮಳೆಗಾಲದ ಸಂಜೆಗಳಲ್ಲಿ ಎರಡನೆಯ ತರಗತಿಯ ಮಗಳಿಗೆ ಓದಿಹೇಳುವ ಪುಸ್ತಕಗಳ ಪೈಕಿ ನನಗೆ ಹೆಚ್ಚು ಇಷ್ಟವಾಗುವುದು, ಚಿತ್ರಪುಸ್ತಕಗಳನ್ನು ದಾಟಿ ಪುಟ್ಟ ಪುಟ್ಟ ಅಧ್ಯಾಯಗಳಿಗೆ ಕಾಲಿಟ್ಟ ಓದುಗರಿಗೆಂದೇ ಬರೆದ ತುಂಟ ಮಕ್ಕಳ ಕತೆಗಳು. ಇಂಥ ಬರವಣಿಗೆಗೆ ಅಮೆರಿಕದ ಬೆವರ್ಲಿ ಕ್ಲಿಯರಿ ಹಾಕಿಕೊಟ್ಟ ಅಡಿಪಾಯ ಗಟ್ಟಿಯಾದುದು. ಗ್ರಂಥಪಾಲಕಿಯಾಗಿದ್ದ ಅವರನ್ನು, ನಮ್ಮಂಥವರ ಕತೆಗಳು ಎಲ್ಲಿವೆ ಎಂದು ಹುಡುಗರು ಕೇಳಿದ್ದರಂತೆ. 1968ರಲ್ಲಿ ಬಂದ ‘ರಮೋನಾ ದ ಪೆಸ್ಟ್’ ಕೃತಿಯಲ್ಲಿ, ದಿನವಿಡೀ ಯಂತ್ರದಿಂದ ನೆಲ ಅಗೆಯುವವನ ಕತೆಯನ್ನು ಟೀಚರ್ ಓದಿದಾಗ, ಅವನು ಶೌಚಕ್ಕೆ ಹೋದದ್ದು ಹೇಗೆ ಎಂದು ರಮೋನಾ ಕೇಳುತ್ತಾಳೆ. ಅದು ತರಲೆಯಲ್ಲ, ನಿಜವಾದ ಸಂಶಯ. ತರಗತಿಯ ಉಳಿದ ಮಕ್ಕಳಿಗೂ ಉತ್ತರ ಬೇಕಾಗಿರುತ್ತದೆ, ಪೇಚಿಗೆ ಸಿಲುಕುವವರು ಟೀಚರ್ ಮಾತ್ರ.

1992ರಲ್ಲಿ ಆರಂಭವಾದ ಬಾರ್ಬರಾ ಪಾರ್ಕ್ ಅವರ ಜೂನಿ ಬಿ. ಜೋನ್ಸ್ ಮಾಲಿಕೆಯಲ್ಲಿ ಪುಟ್ಟ ಹುಡುಗಿಯೇ ತನ್ನ ತಪ್ಪುತಪ್ಪು ವ್ಯಾಕರಣದಲ್ಲಿ ಕತೆ ಹೇಳುವುದರಿಂದ, ಕೆಲವು ಪೋಷಕರು ಮುನಿಸಿಕೊಂಡದ್ದೂ ಉಂಟು. (ನನ್ನ ಮಟ್ಟಿಗೆ ಆ ತಪ್ಪುಗಳೇ ಅದರ ಜೀವಾಳ.) ಬೇಕೆಂದೇ ಕೇಡು ಮಾಡುವ ತುಂಟನ ಕತೆ ಎರಡನೆಯ ಅಧ್ಯಾಯಕ್ಕೇ ಸಪ್ಪೆಯಾಗುತ್ತದೆ, ಉಪಕಾರ ಮಾಡಲು ಹೊರಟವನ ಫಜೀತಿಗೆ ಮಾತ್ರ ಕೊನೆಯಿಲ್ಲ.

ಮಳೆ ಬಂದೀತೆಂದು ಹೆದರಿ, ಕಣದಲ್ಲಿ ಬೇರೆಬೇರೆಯಾಗಿ ಒಣಹಾಕಿದ್ದ ಅರೇಬಿಕಾ, ರೊಬಸ್ಟಾ ಎಂಬ ಎರಡೂ ಬಗೆಯ ಕಾಫಿಯನ್ನು ಒಂದೇ ಮೂಟೆಗೆ ತುಂಬಿ, ಅಜ್ಜ ಶಹಭಾಸ್ ಎನ್ನಲೆಂದು ಜಗಲಿಯಲ್ಲಿ ಕಾದು ಕೂರುವ ನಮ್ಮ ಸೀಮೆಯ ಹುಡುಗನನ್ನು ಯಾರಾದರೂ ಕನ್ನಡದಲ್ಲಿ ಬರೆದರೆ, ಮೊದಲ ಪ್ರತಿಯನ್ನು ನಾನೇ ಕೊಳ್ಳುತ್ತೇನೆ.