ಟಾರಿನ ಅಂಚಿನವರೆಗೆ

ಭಾನುವಾರ ಬೆಳಗ್ಗೆ ಐದೂವರೆಗೆ ಯಲಹಂಕದ ಮನೆಯಿಂದ ಹೊರಟು, ದೊಡ್ಡಬಳ್ಳಾಪುರ ರಸ್ತೆಯಲ್ಲಿ ರಾಜಾನುಕುಂಟೆಯವರೆಗೆ ಸಾಗಿ, ಅಲ್ಲಿ ಎಡಕ್ಕೆ ತಿರುಗಿ ಕಾಕೋಳಿನ ಕಡೆಯಿಂದ ಹೆಸರಘಟ್ಟ ಸೇರುವುದು ಐದು ವರ್ಷಗಳಿಂದ ನನಗೂ ನನ್ನ ಅಕ್ಕನಿಗೂ ರೂಢಿಯಾಗಿದೆ. ಸುಮಾರು 20 ಕಿಲೋಮೀಟರ್ ದೂರದ ಈ ದಾರಿಯನ್ನು ಬಿಗಿಯುಡುಪು ತೊಟ್ಟ ಸವಾರರು ಮುಕ್ಕಾಲು ಗಂಟೆಯಲ್ಲಿ ಮುಗಿಸಿ ನಮ್ಮನ್ನು ದಾಟಿ ಹೋಗುತ್ತಾರೆ. ನಮಗೆ ಎರಡು ಗಂಟೆ ಬೇಕು. ಅಕ್ಕನಿಗೆ ಅರವತ್ತು ದಾಟಿದೆ, ಅವಳದು ಮುಂದೆ ಬುಟ್ಟಿಯಿರುವ ಹಳೆಯ ಲೇಡೀಸ್ ಸೈಕಲ್ಲು. ಆದರೆ ನಾವು ನಿಧಾನವಾಗಿ ಹೋಗುವುದು ವಯಸ್ಸಿನ ಕಾರಣಕ್ಕಲ್ಲ. ಕೆರೆ, ತೋಪು, ಹುಲ್ಲುಗಾವಲುಗಳ ನಡುವೆ ಹಾದುಹೋಗುವ ಟಾರು ರಸ್ತೆಯನ್ನು ನಿಧಾನವಾಗಿ ತುಳಿದವರಿಗೆ ಮಾತ್ರ ಆ ನೆಲದ ಏರಿಳಿತ ತಿಳಿಯುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಸಮತಟ್ಟಾದ ರಸ್ತೆಯಲ್ಲಿ ಸೈಕಲ್ ಸವಾರನ ಶಕ್ತಿಯನ್ನು ವೇಗ ಹೆಚ್ಚಿದಂತೆಲ್ಲ ತಿನ್ನುವುದು ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಗಂಟೆಗೆ 12 ಕಿಲೋಮೀಟರ್ ಆಸುಪಾಸಿನಲ್ಲಿ ಸಾಗುವಾಗ ಈ ತಡೆ ಅಷ್ಟಾಗಿ ತಿಳಿಯದು, ಕಿವಿಯಲ್ಲಿ ಗಾಳಿಯ ಸದ್ದೂ ಇರದು. ಆದ್ದರಿಂದ ಎದುರಿನ ಹೊಂಗೆಮರದಲ್ಲಿ ಕೂಗುವ ಕೆಂಬೂತದ ದನಿ, ಬದಿಯ ಜೊಂಡಿನೊಳಗೆ ಏನೋ ನೀರಿಗೆ ಧುಮುಕಿದ ಸದ್ದು, ಹಿಂದಿನಿಂದ ಬರುವ ಲಾರಿ ಇವೆಲ್ಲವೂ ಸ್ಪಷ್ಟವಾಗಿ ಕೇಳಿಸುತ್ತವೆ. ಕೊನೆಯದು ಸುರಕ್ಷತೆಯ ವಿಷಯವೂ ಹೌದು. ಇಯರ್‌ಫೋನ್ ಹಾಕಿಕೊಂಡು ಈ ದಾರಿಗೆ ಬರುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಚಕ್ರಗಳ ವಿಷಯದಲ್ಲಿ ನಾನು ಕಲಿತದ್ದು ಇಷ್ಟು: ಸ್ವಲ್ಪ ಅಗಲವಾದ ಟೈರಿಗೆ ಗಾಳಿಯನ್ನು ತೀರಾ ಬಿಗಿಯಾಗಿ ತುಂಬದೆ ಇದ್ದರೆ, ಹಳ್ಳಿ ರಸ್ತೆಯ ಉಬ್ಬುತಗ್ಗುಗಳು ಮಣಿಕಟ್ಟಿಗೆ ಹೊಡೆಯುವುದಿಲ್ಲ, ಇಬ್ಬನಿಯಿಂದ ಒದ್ದೆಯಾದ ತಿರುವುಗಳಲ್ಲಿ ಹಿಡಿತವೂ ಚೆನ್ನಾಗಿರುತ್ತದೆ.

ದಾರಿಯಲ್ಲಿ ಮೊದಲು ಸಿಗುವುದು ಸಿಂಗನಾಯಕನಹಳ್ಳಿ ಕೆರೆ. ಕೆರೆಯೆಂದು ಹೆಸರಿದ್ದರೂ ಮೊದಲ ಸಲ ಹೋದಾಗ ನಮಗೆ ಕಂಡದ್ದು ಕಾಡು. ನೀರು ನಿಲ್ಲದ ಅಂಗಳದಲ್ಲಿ ಮರಗಳು ಬೆಳೆದು ಅದೇ ಒಂದು ತೋಪಾಗಿತ್ತು. 2022ರಲ್ಲಿ ಕೆರೆಯ ಪುನಶ್ಚೇತನಕ್ಕಾಗಿ ಇಲ್ಲಿನ 6,316 ಮರಗಳನ್ನು ಕಡಿಯುವ ಪ್ರಸ್ತಾಪ ಬಂದಾಗ ನಗರದ ಜನ ದೊಡ್ಡ ಸಂಖ್ಯೆಯಲ್ಲಿ ಆಕ್ಷೇಪಿಸಿದರು. ನೀರು ಬೇಕೋ ಮರ ಬೇಕೋ ಎಂದು ಆಗ ಹಲವರು ಕೇಳಿದರು. ಆ ಪ್ರಶ್ನೆಯೇ ನನಗೆ ಸರಿಯೆನಿಸಲಿಲ್ಲ. ಮಳೆಗಾಲದಲ್ಲಿ ನಾಲ್ಕಾರು ತಿಂಗಳು ನೀರು ನಿಂತು, ಬೇಸಿಗೆಯಲ್ಲಿ ಒಣಗಿ ದನಗಳಿಗೆ ಹುಲ್ಲಾಗಿ, ಅಂಚಿನಲ್ಲಿ ಜಾಲಿ ಮತ್ತು ಹೊಂಗೆಗಳಿಗೆ ಜಾಗ ಕೊಡುವ ಕೆರೆಗಳೇ ನಮ್ಮ ಬಯಲುಸೀಮೆಯಲ್ಲಿ ಹೆಚ್ಚು. ಜೌಗು ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸಲು ಅಲ್ಲಿ ಆಗುವುದಿಲ್ಲ.

ಮುಂದಿನ ಕೆಲವು ಕಿಲೋಮೀಟರ್‌ಗಳಲ್ಲಿ ನನಗೆ ಬಹಳ ಪ್ರಿಯವಾದ ಒಂದು ಸಂಗತಿ ನಡೆಯುತ್ತದೆ. ಯಲಹಂಕ ಕೆರೆಯ ನೀರು ಜಕ್ಕೂರು, ರಾಚೇನಹಳ್ಳಿ ಕೆರೆಗಳನ್ನು ದಾಟಿ ಪೂರ್ವಕ್ಕೆ ಹರಿದು ಕೊನೆಗೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಹೆಸರಘಟ್ಟದ ನೀರಾದರೋ ನಂದಿಬೆಟ್ಟದ ಕಡೆಯಿಂದ ಬರುವ ಅರ್ಕಾವತಿಯದು. ಅದು ತಿಪ್ಪಗೊಂಡನಹಳ್ಳಿಯ ಮೂಲಕ ದಕ್ಷಿಣಕ್ಕೆ ಹೋಗಿ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ಎರಡು ನದಿಗಳ ನೀರನ್ನು ಬೇರ್ಪಡಿಸುವ ದಿಣ್ಣೆ ನಮ್ಮ ದಾರಿಯಲ್ಲಿದೆ. ಅಲ್ಲಿ ಫಲಕವಿಲ್ಲ, ಕಾರಿನಲ್ಲಿ ಕುಳಿತವರಿಗೆ ಅದು ಎಂದೂ ತಿಳಿಯುವುದಿಲ್ಲ. ನಿಧಾನವಾಗಿ ತುಳಿಯುವವರಿಗೆ ಮಾತ್ರ, ಅಷ್ಟು ಹೊತ್ತು ತೊಡೆಯಲ್ಲಿದ್ದ ಬಿಗಿ ಒಂದು ಕಡೆ ತಾನಾಗಿ ಸಡಿಲಗೊಂಡು, ಪೆಡಲು ಹಗುರವಾಗಿ, ಚಕ್ರ ತನ್ನಷ್ಟಕ್ಕೆ ಉರುಳತೊಡಗಿದಾಗ ತಿಳಿಯುತ್ತದೆ. ಅಲ್ಲಿಂದಾಚೆ ಬೀಳುವ ಮಳೆಹನಿ ಕಾವೇರಿಗೆ ಸೇರಿದ್ದು. ಅಕ್ಕ ಅಲ್ಲಿಗೆ ಬಂದಾಗಲೆಲ್ಲ ಒಂದು ಸಲ ಗಂಟೆ ಬಾರಿಸುತ್ತಾಳೆ.

ಇಳಿಜಾರಿನಲ್ಲಿ ಗಾಳಿಯೂ ಬದಲಾಗುತ್ತದೆ. ರಾತ್ರಿಯಿಡೀ ತಣ್ಣಗಾದ ಗಾಳಿ ತಗ್ಗಿನಲ್ಲಿ ಸೇರಿಕೊಂಡಿರುವುದರಿಂದ, ಕೆರೆಯ ಬಯಲು ಹತ್ತಿರವಾದಂತೆ ಮೊಣಕೈಗೆ ಚಳಿ ತಾಕುತ್ತದೆ. ಮಾರ್ಗಶಿರ, ಪುಷ್ಯದ ಬೆಳಗುಗಳಲ್ಲಂತೂ ಹತ್ತು ಮಾರು ಮುಂದಿನದು ಕಾಣದಷ್ಟು ಮಂಜು. ಆಮೇಲೆ ರಸ್ತೆ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಜಾನುವಾರು ತಳಿ ಕೇಂದ್ರ, ನೃತ್ಯಗ್ರಾಮ ಇವೆಲ್ಲ ಇರುವ ಪ್ರದೇಶಕ್ಕೆ ಬರುತ್ತದೆ. ಸರ್ಕಾರಿ ಆವರಣಗಳ ಬೇಲಿಯೊಳಗೆ ಉಳಿದುಕೊಂಡ ಮರಗಳು ಇಲ್ಲಿ ಕೆಲವೆಡೆ ರಸ್ತೆಯ ಮೇಲೆ ಚಪ್ಪರ ಹಾಕಿವೆ.

ಹೆಸರಘಟ್ಟದ ಏರಿಯ ಬಳಿ ಸೈಕಲ್ಲುಗಳಿಗೆ ಬೀಗ ಹಾಕಿ ನಾವು ಮೇಲೆ ಹತ್ತಿ ಕೂರುತ್ತೇವೆ. ಬೆಂಗಳೂರಿಗೆ ಕೊಳಾಯಿ ನೀರು ಮೊದಲು ಬಂದದ್ದು ಈ ಕೆರೆಯಿಂದ. ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಇದನ್ನು ವಿಸ್ತರಿಸಿ ಚಾಮರಾಜೇಂದ್ರ ಜಲ ಯೋಜನೆ ಎಂದು ಹೆಸರಿಟ್ಟರು. ನೀರು ಇಟ್ಟಿಗೆಯ ಕಾಲುವೆಯಲ್ಲಿ ಇಳಿಜಾರಿನ ಬಲದಿಂದಲೇ ತರಬನಹಳ್ಳಿಯ ಕಡೆಗೆ ಹರಿಯುತ್ತಿತ್ತು. ನಂತರ ಸೋಲದೇವನಹಳ್ಳಿಯ ಉಗಿಯಂತ್ರಗಳು ಅದನ್ನು ಎತ್ತಿ ಮಲ್ಲೇಶ್ವರದ ಕಡೆಗೆ ಕಳುಹಿಸುತ್ತಿದ್ದವು. ಇಂದು ನಮ್ಮ ಮನೆಯ ನಲ್ಲಿಗೆ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪುಗಳ ಬಲದಿಂದ ಏರಿ ಬರುತ್ತಾಳೆ. ಕಾಲುವೆಯ ಕಮಾನುಗಳು ಈಗಲೂ ಅಲ್ಲಲ್ಲಿ ಉಳಿದಿವೆ. ದಿಣ್ಣೆಯ ಏರನ್ನು ಸ್ವಂತ ಕಾಲಿನಿಂದ ಹತ್ತಿ ಬಂದವರಿಗೆ ಆ ಕಮಾನುಗಳನ್ನು ಕಂಡಾಗ, ಆ ಎಂಜಿನಿಯರುಗಳಿಗೆ ಒಂದೊಂದು ಅಡಿ ಇಳಿಜಾರೂ ಎಷ್ಟು ಅಮೂಲ್ಯವಾಗಿತ್ತೆಂಬುದು ಮನಸ್ಸಿಗೆ ಬರುತ್ತದೆ.

ಈ ಕೆರೆ ನಾವು ಬಂದ ಹೆಚ್ಚಿನ ದಿನಗಳಲ್ಲಿ ಬರಿಯ ಹಸಿರು ಬಯಲಾಗಿ, ನಡುವೆ ಒಂದಿಷ್ಟು ನೀರಾಗಿ ಇರುತ್ತಿತ್ತು. 2022ರ ಮಳೆಗೆ ಅದು ತುಂಬಿದಾಗ ಸುತ್ತಲ ಹಳ್ಳಿಗಳ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಬಂದಿದ್ದರು. ಹಕ್ಕಿಗಳಿಗೆ ಮಾತ್ರ ತುಂಬಿದ ನೀರಿಗಿಂತ ಇಳಿಯುತ್ತಿರುವ ನೀರು ಮೇಲು. ಬಣ್ಣದ ಕೊಕ್ಕರೆಗಳಿಗೆ ಕಾಲು ಮುಳುಗುವಷ್ಟು, ಟಿಟ್ಟಿಭಕ್ಕೆ ಬೆರಳು ಒದ್ದೆಯಾಗುವಷ್ಟು, ನಾಮದ ಕೋಳಿಗೆ ಈಜುವಷ್ಟು ನೀರು ಬೇಕು. ಅಂಚು ಮೆಲ್ಲಗೆ ಇಳಿದಿರುವ ಕೆರೆಯಲ್ಲಿ ಈ ಎಲ್ಲ ಆಳಗಳೂ ಒಟ್ಟಿಗೆ ಸಿಗುತ್ತವೆ. ನಾವು ನಿಲ್ಲದೆ ನಿಧಾನವಾಗಿ ಹಾದುಹೋದರೆ ಬದಿಯ ಬೆಳ್ಳಕ್ಕಿ ಸುಮ್ಮನೆ ಇರುವುದನ್ನೂ, ಒಂದು ಕಾಲು ನೆಲಕ್ಕೆ ಇಟ್ಟ ಕೂಡಲೇ ಹಾರುವುದನ್ನೂ ಅಕ್ಕ ನನಗೆ ಎಷ್ಟೋ ಸಲ ತೋರಿಸಿದ್ದಾಳೆ. ಹಾಗಾಗಿ ನೋಡಬೇಕಾದದ್ದನ್ನು ಸಾಗುತ್ತಲೇ ನೋಡುತ್ತೇವೆ. ಹಕ್ಕಿಯನ್ನು ದಾಟಿ ಸಾಕಷ್ಟು ದೂರ ಹೋದ ಮೇಲೆ ನಿಂತು ಮಾತಾಡಿಕೊಳ್ಳುತ್ತೇವೆ.

ಇದನ್ನೆಲ್ಲ ಬರೆಯುತ್ತಿರುವ ನಾನೇ ಮೂರು ವರ್ಷದ ಹಿಂದೆ ಒಂದು ತಪ್ಪು ಮಾಡಿದ್ದೆ. ವೈಶಾಖದ ಒಂದು ಬೆಳಗ್ಗೆ ಕೆರೆಯಾಚೆಯ ಹುಲ್ಲುಗಾವಲಿನಲ್ಲಿ ದನಗಳ ಜಾಡೊಂದು ಚೆನ್ನಾಗಿ ಕಂಡಿತೆಂದು ರಸ್ತೆ ಬಿಟ್ಟು ಸೈಕಲ್ಲನ್ನು ಒಳಗೆ ಇಳಿಸಿದೆ. ತಲೆಯ ಮೇಲೆ ಟಿಟ್ಟಿಭಗಳೆರಡು ಕಿರುಚಿಕೊಂಡು ಸುತ್ತತೊಡಗಿದವು. ನನಗೆ ಅದರ ಅರ್ಥ ಹೊಳೆಯಲಿಲ್ಲ. ದೂರದಲ್ಲಿ ದನ ಮೇಯಿಸುತ್ತಿದ್ದ ಹಿರಿಯರೊಬ್ಬರು ಕೋಲೆತ್ತಿ ಕೂಗಿದರು: ‘ಅಮ್ಮಾ, ಅಲ್ಲೇ ನಿಂತ್ಕಳಿ! ಮುಂದಕ್ ತುಳೀಬ್ಯಾಡಿ, ಮೊಟ್ಟೆ ಐತೆ ಅಲ್ಲಿ.’ ನಿಂತೆ. ಮುಂದಿನ ಚಕ್ರದಿಂದ ಒಂದು ಮಾರು ದೂರದಲ್ಲಿ, ಬರಿ ನೆಲದ ಮೇಲೆ, ಕಲ್ಲುಗಳ ನಡುವೆ ಕಲ್ಲುಗಳಂತೆಯೇ ನಾಲ್ಕು ಮೊಟ್ಟೆಗಳಿದ್ದವು. ಕಡ್ಡಿಯ ಗೂಡಿಲ್ಲ, ಪೊದೆಯ ಮರೆಯಿಲ್ಲ. ಬಿಸಿಲೇರಿದಾಗ ಈ ಹಕ್ಕಿಗಳು ಎದೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತವೆ. ಆದ್ದರಿಂದಲೇ ನೀರು ಹತ್ತಿರವಿರುವ ಬಯಲು ಅವಕ್ಕೆ ಬೇಕು. ನಾನು ಸೈಕಲ್ಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಬಂದ ಹೆಜ್ಜೆಯಲ್ಲೇ ರಸ್ತೆಗೆ ಮರಳಿದೆ. ಕೈ ನಡುಗುತ್ತಿತ್ತು. ‘ಗೊತ್ತಾಗ್ದೆ ಬಂದ್ರಿ, ಬಿಡಿ’ ಎಂದು ಆ ಹಿರಿಯರು ಸಮಾಧಾನ ಹೇಳಿದರು.

ಅಂದಿನಿಂದ ನಮ್ಮ ಚಕ್ರಗಳು ಟಾರಿನ ಅಂಚನ್ನು ದಾಟಿಲ್ಲ. ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಬಂದು ಈ ಹುಲ್ಲಿನ ಮೇಲೆ ತೇಲಿದಂತೆ ಹಾರುವ, ಹಕ್ಕಿಪ್ರಿಯರು ಹ್ಯಾರಿಯರ್ ಎಂದು ಕರೆಯುವ ಗಿಡುಗಗಳೂ ರಾತ್ರಿ ಮಲಗುವುದು ನೆಲದ ಮೇಲೆಯೇ. ಹುಲ್ಲಿನ ಬಯಲನ್ನು ಪಾಳುಭೂಮಿಯೆಂದು ಭಾವಿಸುವ ನಮ್ಮ ಅಭ್ಯಾಸ ಹಳೆಯದು. 2024ರಲ್ಲಿ ರಾಜ್ಯ ಸಚಿವ ಸಂಪುಟವು 5,600 ಎಕರೆಗೂ ಹೆಚ್ಚಿನ ಪ್ರದೇಶವನ್ನು ಹೆಸರಘಟ್ಟ ಹುಲ್ಲುಗಾವಲು ಸಂರಕ್ಷಣಾ ಮೀಸಲಾಗಿಸಲು ಒಪ್ಪಿದ ಸುದ್ದಿಯನ್ನು ಓದಿದ ದಿನ ಅಕ್ಕ ಮನೆಯಲ್ಲಿ ಪಾಯಸ ಮಾಡಿದ್ದಳು.

ಕೆರೆಗಳ ಸುತ್ತ ಸೈಕಲ್ ಪಥ ಬೇಕೆಂದು ಗೆಳೆಯರು ಆಗಾಗ ಹೇಳುತ್ತಾರೆ. ನಗರದ ಹಲವು ಕೆರೆಗಳ ನಡಿಗೆ ಪಥದಲ್ಲಿ ಸೈಕಲ್ಲಿಗೆ ಅನುಮತಿಯಿಲ್ಲ. ಸಣ್ಣ ಮಕ್ಕಳೂ ವೃದ್ಧರೂ ನಡೆಯುವ ಕಿರಿದಾದ ದಾರಿಯಲ್ಲಿ ಅದು ಸರಿಯಾದ ನಿಯಮವೇ. ಹೊಸ ಪಥ ಮಾಡುವುದಾದರೆ ಅದು ನೀರಿನ ಅಂಚಿನಲ್ಲಿ ಇರಬಾರದೆಂಬುದು ನನ್ನ ಅಭಿಪ್ರಾಯ. ಕೆರೆಯನ್ನು ಬಟ್ಟಲಿನಂತೆ ತೋಡಿ, ಸುತ್ತಲೂ ಏರಿ ಕಟ್ಟಿ, ಅದರ ಮೇಲೆ ಹಾಸುಗಲ್ಲು ಹಾಕಿದಾಗ ಮೊದಲು ಕಳೆದುಹೋಗುವುದು ಕೊಕ್ಕರೆಗಳಿಗೆ ಬೇಕಾದ ಆ ಆಳವಿಲ್ಲದ ಅಂಚು. ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರು ಮೊದಲು ಜೊಂಡಿನ ಜೌಗಿನೊಳಗೆ ಹಾದು ಆಮೇಲೆ ಕೆರೆಗೆ ಇಳಿಯುತ್ತದೆ. ಅಂಥ ಜೌಗನ್ನು ಮುಟ್ಟದೆ, ಐವತ್ತು ಹೆಜ್ಜೆ ಹೊರಗಿನಿಂದ, ಮರಗಳ ನೆರಳಿನಲ್ಲಿ ಬಳಸಿಕೊಂಡು ಹೋಗುವ ದಾರಿಯಿದ್ದರೆ ನಮಗೆ ಸಾಕು. ನೀರು ಮರಗಳ ಸಂದಿನಿಂದ ಕಂಡರೂ ಕಂಡಂತೆಯೇ.

ಕಳೆದ ಭಾನುವಾರ ಆ ಹಿರಿಯರು ಮತ್ತೆ ಸಿಕ್ಕಿದ್ದರು. ನಾವು ರಸ್ತೆಯ ಮೇಲೆಯೇ ನಿಂತು ಮಾತಾಡಿಸಿದೆವು. ಅಕ್ಕ ಬುಟ್ಟಿಯಿಂದ ಎರಡು ಚಕ್ಕುಲಿ ತೆಗೆದುಕೊಟ್ಟಳು. ಈ ಸಲ ಮೊಟ್ಟೆಗಳು ಎಲ್ಲಿವೆಯೆಂದು ಕೇಳಿದೆ. ಅವರು ಕೋಲಿನಿಂದ ದೂರದ ಒಂದು ಬಿಳಿ ಕಲ್ಲಿನತ್ತ ತೋರಿಸಿದರು. ನಮಗೆ ಕಲ್ಲು ಮಾತ್ರ ಕಂಡಿತು. ನೋಡಿದೆವು ಎಂದು ತಲೆಯಾಡಿಸಿ ಪೆಡಲಿನ ಮೇಲೆ ಕಾಲಿಟ್ಟೆವು.