ಹಳೇ ಬುಲೆಟ್‌ಗೆ ಟೆಂಪರೇಚರ್ ಮೀಟರ್: ಆಯಿಲ್ ಕೂಲರ್ ಸದ್ಯಕ್ಕೆ ಬೇಡ

ಬುಲೆಟ್ 350, ಕಾಸ್ಟ್ ಐರನ್ ಎಂಜಿನ್. ಆಯಿಲ್ ತಣ್ಣಗೆ ಮಾಡುವ ಕೂಲರ್ ಕಿಟ್ ತರಿಸುವ ಯೋಚನೆ ಇತ್ತು. ಬಿಸಿ ಅಳೆಯುವ ಎರಡು ಥರ್ಮೋಕಪಲ್ (ಸೆನ್ಸರ್) ಈಗ ಕೂತಿವೆ. ಒಂದು ಸ್ಪಾರ್ಕ್ ಪ್ಲಗ್ ಅಡಿಯಲ್ಲಿ, ವಾಷರ್ ಇರುವ ಜಾಗದಲ್ಲಿ; ಇದು ಹೆಡ್, ಅಂದರೆ ಸಿಲಿಂಡರ್ ಮೇಲ್ಭಾಗದ, ಬಿಸಿ ತೋರಿಸುತ್ತದೆ. ಇನ್ನೊಂದಕ್ಕೆ ಆಯಿಲ್ ಹಾಕುವ ಮುಚ್ಚಳಕ್ಕೇ ತೂತು ಕೊರೆಸಿದೆ, ತುದಿ ಆಯಿಲ್‌ನಲ್ಲಿ ಮುಳುಗಿರುತ್ತದೆ. ಈ ಎಂಜಿನ್‌ನ ಆಯಿಲ್ ಟ್ಯಾಂಕ್ ಕ್ರ್ಯಾಂಕ್‌ಕೇಸ್ ಒಳಗೇ ಇರುವುದರಿಂದ ಕೆಲಸ ಸಲೀಸಾಯಿತು. ಮೀಟರ್ ಎಸ್.ಪಿ. ರಸ್ತೆಯದು. ವೈರನ್ನು ಪ್ಲಗ್ ಕೇಬಲ್‌ನಿಂದ ದೂರ ಕಟ್ಟಬೇಕು, ಇಲ್ಲಾಂದ್ರೆ ನಂಬರ್ ಕುಣಿಯುತ್ತದೆ.

ಪ್ಲಗ್ ಅಡಿಯಲ್ಲಿ ಸೆನ್ಸರ್ ಇಡುವುದು ವಿಮಾನದವರ ಹಳೇ ಉಪಾಯ. ಎಚ್‌ಎಎಲ್ 1958ರಲ್ಲಿ ಬೆಂಗಳೂರಲ್ಲಿ ಹಾರಿಸಿದ ಪುಷ್ಪಕ್ ಅನ್ನೋ ಪುಟ್ಟ ವಿಮಾನದ ಕಾಂಟಿನೆಂಟಲ್ ಎಂಜಿನ್ ಆಗಲಿ, ಸೆಸ್ನಾ 172 ವಿಮಾನದ ಲೈಕಮಿಂಗ್ ಕಂಪನಿಯ ಎಂಜಿನ್ ಆಗಲಿ, ಬುಲೆಟ್ ಹಾಗೇ ಗಾಳಿಗೆ ತಣ್ಣಗಾಗುವ ಎಂಜಿನ್‌ಗಳೇ. ಲೈಕಮಿಂಗ್ ಒ-320ಕ್ಕೆ ಹೆಡ್ 260 ಡಿಗ್ರಿ, ಆಯಿಲ್ 118 ಡಿಗ್ರಿ ಸೆಲ್ಸಿಯಸ್ ಕೊನೇ ಮಿತಿ. ಹೆಡ್‌ಗೊಂದು, ಆಯಿಲ್‌ಗೊಂದು ಮಿತಿ ಯಾಕೆ ಅಂತ ನಂದಿ ಬೆಟ್ಟದ ತಿರುವುಗಳಲ್ಲಿ ಕಣ್ಣಾರೆ ಕಂಡಿತು.

ಸಪಾಟು ರೋಡಲ್ಲಿ ಹೆಡ್ 160ರ ಆಸುಪಾಸು ಇತ್ತು. ಏರು ಶುರುವಾಗಿ ಸೆಕೆಂಡ್ ಗೇರ್‌ಗೆ ಬಂದ ಮೇಲೆ ಸರಸರ ಏರಿ 200ರ ಹತ್ತಿರ ಹೋಯಿತು. ಎಂಜಿನ್ ಮೇಲೆ ಭಾರ ಜಾಸ್ತಿ, ತಂಪು ಮಾಡುವ ಫಿನ್‌ಗಳಿಗೆ ಗಾಳಿ ಕಡಿಮೆ. ಆಯಿಲ್ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನೋ ಹಾಗೆ 75ರಲ್ಲೇ ಇತ್ತು. ಇಳಿಯುವಾಗ ಉಲ್ಟಾ. ಹೆಡ್ ತಟ್ಟನೆ 120ಕ್ಕೆ ಬಂತು, ಆಯಿಲ್ 80 ದಾಟಿ ಅಲ್ಲೇ ನಿಂತಿತು.

ಹೆಡ್ ಬಿಸಿಗೆ ಔಷಧ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್‌ನಲ್ಲಿದೆ. ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದೆ. ಪೈಲಟ್‌ಗಳು ಏರುವಾಗ ಮಿಕ್ಸ್‌ಚರ್ ರಿಚ್ ಇಡುವುದೂ ಇದಕ್ಕೇ, ಹೆಚ್ಚುವರಿ ಪೆಟ್ರೋಲ್ ಹೆಡ್ಡನ್ನು ತಂಪು ಮಾಡುತ್ತದೆ. ಮೈಲೇಜ್ ಹೋಯಿತು, ಹೋಗಲಿ.

ನನಗೆ ಆಶ್ಚರ್ಯವಾಗಿದ್ದು ಆಫೀಸ್ ಓಡಾಟ. ಹೆಡ್ 150 ಮುಟ್ಟಿರುತ್ತದೆ, ಕೈ ಇಟ್ಟರೆ ಸುಡುತ್ತದೆ. ಆಯಿಲ್ ಬರೀ 45! ಮುಚ್ಚಳ ಬಿಚ್ಚಿ ನೋಡಿದರೆ ಒಳಗಡೆ ಬಿಳಿ ಕೆನೆ ಮೆತ್ತಿತ್ತು, ಬೆರಳಿಗೆ ಜಿಗುಟು. ಅದು ನೀರು ಸೇರಿದ ಆಯಿಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚೂಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರ್‌ನಲ್ಲಿ ಹೋಗುತ್ತದೆ, ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಅದೂ ಬ್ರೀದರ್ ಪೈಪಿನಿಂದ ಹೊರಗೆ. ಕಾಯದಿದ್ದರೆ ಒಳಗೇ ಉಳಿದು ತುಕ್ಕು, ಆಸಿಡ್.

ಇದಕ್ಕೆ ಲೈಕಮಿಂಗ್ ಹೇಳುವುದು ಇಷ್ಟೇ: 30 ದಿನಕ್ಕೊಮ್ಮೆಯಾದರೂ ಸತತ ಒಂದು ಗಂಟೆ, ಆಯಿಲ್ 74ರಿಂದ 93 ಡಿಗ್ರಿಯಲ್ಲಿ ಇರುವ ಹಾಗೆ ಹಾರಿಸಿ. ನಿಂತಲ್ಲೇ ಎಂಜಿನ್ ಓಡಿಸಿದರೆ ಅದು ಲೆಕ್ಕಕ್ಕಿಲ್ಲ. ನಮ್ಮಲ್ಲಿ ಎಷ್ಟೋ ಜನ ಭಾನುವಾರ ಬೆಳಿಗ್ಗೆ ಬುಲೆಟ್ ಸ್ಟಾರ್ಟ್ ಮಾಡಿ, ಡಬಡಬ ಕೇಳಿ, ಐದು ನಿಮಿಷಕ್ಕೆ ಆಫ್ ಮಾಡಿ ಕವರ್ ಹಾಕ್ತಾರಲ್ವಾ? ಅದರ ಬದಲು ಸುಮ್ನೆ ನಿಲ್ಲಿಸಿಟ್ಟರೇ ವಾಸಿ.

ಹಾಗಾಗಿ ಆಯಿಲ್ ಕೂಲರ್ ಕಿಟ್ ತರಿಸುವ ಯೋಚನೆ ಕೈಬಿಟ್ಟೆ. ವಿಮಾನದಲ್ಲಿ ಕೂಲರ್ ಜೊತೆ ಒಂದು ವಾಲ್ವ್ ಇರುತ್ತದೆ, ಆಯಿಲ್ ಕಾಯುವ ತನಕ ಅದನ್ನು ಕೂಲರ್ ಕಡೆ ಹೆಚ್ಚಾಗಿ ಬಿಡುವುದಿಲ್ಲ. ನಾನು ನೋಡಿದ ಬೈಕ್ ಕಿಟ್‌ಗಳಲ್ಲಿ ಆ ವಾಲ್ವ್ ಇಲ್ಲ. 45ರಲ್ಲಿ ಒದ್ದಾಡುವ ಆಯಿಲನ್ನು ಇನ್ನೂ ತಣ್ಣಗೆ ಮಾಡಿ ಏನು ಉಪಯೋಗ?

ಈಗಿನ ವ್ಯವಸ್ಥೆ: ವಾರದ ದಿನ ಬಸ್, ಭಾನುವಾರ ತುಮಕೂರು ರೋಡಲ್ಲಿ ಒಂದು ಗಂಟೆಗೆ ಕಮ್ಮಿ ಇಲ್ಲದ ಓಟ. ಆಯಿಲ್ 85ಕ್ಕೆ ಬರುತ್ತಿದೆ, ಕೆನೆ ಮಾಯ. ಏಪ್ರಿಲ್ ಬಿಸಿಲಲ್ಲಿ ಚಿತ್ರದುರ್ಗಕ್ಕೆ ಹೋಗಿ ನೋಡಬೇಕು. ಅಲ್ಲಿ 110 ದಾಟಿದರೆ ಕೂಲರ್ ಬರುತ್ತದೆ, ಆದರೆ ಆ ವಾಲ್ವ್, ಅಂದರೆ ಥರ್ಮೋಸ್ಟಾಟ್, ಸಮೇತ.