ಚಪ್ಪರದ ಮೇಲಿನ ಅಡಿಕೆ ಯಾರದ್ದು?

ನಮ್ಮ ಕಡೆ ಮನೆ ಹಿಂದೆ ನಾಲ್ಕು ಅಡಿಕೆ ಮರ ಇದ್ದರೆ ಸಾಕು, ಆ ಮನೆಯವರನ್ನು ಯಾರೂ ಬಡವರು ಅನ್ನುವುದಿಲ್ಲ. "ಅವ್ರಿಗೇನ್ರೀ, ತೋಟದವರು" ಅಂತ ಮುಗಿಸಿಬಿಡುತ್ತಾರೆ. ಆ ತೋಟ ಎಷ್ಟು ಗುಂಟೆ, ಪಹಣಿ ಯಾರ ಹೆಸರಿನಲ್ಲಿದೆ, ಅದರ ಫಸಲಿನ ಮೇಲೆ ಸಾಲ ಎಷ್ಟಿದೆ ಅಂತ ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳುವವರು ಕಡಿಮೆ, ಅದು ಬೇರೆ ಮಾತು.

ನಮ್ಮದು ಮುಳುಗಡೆಯವರ ಊರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಹಿನ್ನೀರಿನಲ್ಲಿ ಅಜ್ಜನ ಗದ್ದೆ, ತೋಟ ಎಲ್ಲ ಹೋಯಿತು. ಲಾರಿಯಲ್ಲಿ ತುಂಬಿಕೊಂಡು ಬಂದು ಆಯನೂರಿನಿಂದ ಒಳಗೆ, ಕಾಡಿನ ಅಂಚಿನಲ್ಲಿ ಇಳಿಸಿ ಹೋದರಂತೆ. ಅಜ್ಜ ಬರುವಾಗ ಹಳೇ ಮನೆಯ ಕಂಬ, ಹೆಬ್ಬಾಗಿಲು, ತೊಲೆಗಳನ್ನು ಬಿಚ್ಚಿಕೊಂಡು ಬಂದಿದ್ದರು. ಮೊದಲ ಮಳೆಗಾಲ ಸೋಗೆ ಮಾಡಿನಡಿ ಕಳೆದರೂ ಆ ಮರಗಳನ್ನು ಮಾರಲಿಲ್ಲ. ಮುಂದೆ ನಿಧಾನಕ್ಕೆ ಮಣ್ಣಿನ ಗೋಡೆ ಎದ್ದಿತು, ಹಂಚು ಬಂತು, ಕೆತ್ತನೆಯ ಕಂಬಗಳು ಜಗಲಿಯಲ್ಲಿ ನಿಂತವು. ನೋಡಿದವರಿಗೆ ಅದು ಗತ್ತಿನ ಮನೆ. ಒಳಗೆ ಮಣ್ಣಿನ ನೆಲ, ಮಳೆ ಬಂದರೆ ಅಲ್ಲಲ್ಲಿ ಇಡುವ ಪಾತ್ರೆಗಳು.

ಜಾಗಕ್ಕೆ ಮಾತ್ರ ಹಕ್ಕುಪತ್ರ ಇಲ್ಲ. ಸರ್ಕಾರದವರೇ ತಂದು ಇಳಿಸಿದ ಜಾಗ ಸರ್ಕಾರದ ದಾಖಲೆಯಲ್ಲಿ ಇನ್ನೂ ಅರಣ್ಯ. ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಾಗವನ್ನು ಸಕ್ರಮ ಮಾಡಿಕೊಡಿ ಅಂತ ಹಾಕುವ ಬಗರ್‌ಹುಕುಂ ಅರ್ಜಿಯ ಫಾರಂ ನಂಬರ್ 50, 53, 57 ಅಂತ ನಮ್ಮೂರ ಮಕ್ಕಳಿಗೂ ಮಗ್ಗಿ ಹಾಗೆ ಬಾಯಿಪಾಠ. ಪಹಣಿ ಇಲ್ಲದಿದ್ದರೆ ಸೊಸೈಟಿಯಲ್ಲಿ ಬೆಳೆಸಾಲ ಇಲ್ಲ, ಕೊಳೆ ಬಂದು ಕಾಯಿ ಉದುರಿದರೆ ಪರಿಹಾರವೂ ಇಲ್ಲ. ಕೈಗಡ ಮಾಡಬೇಕು, ಇಲ್ಲವೇ ಫಸಲನ್ನು ಮುಂಚೆಯೇ ಯಾರಿಗಾದರೂ ಒಪ್ಪಿಸಿ ದುಡ್ಡು ತರಬೇಕು.

ನಾನು ಪಿಯುಸಿ ಮುಗಿಸಿ ಶಿವಮೊಗ್ಗದಲ್ಲಿ ಡಿಗ್ರಿಗೆ ಸೇರಿದ್ದು 2001ರಲ್ಲಿ. ಅಡಿಕೆ ಧಾರಣೆ ನೆಲಕಚ್ಚಿದ್ದ ಕಾಲ ಅದು. ನಮ್ಮದು ಹದಿನೈದು ಗುಂಟೆ ತೋಟ. ಒಂದು ಎಕರೆಗೆ ಸುಮಾರು 550 ಮರ ಹಿಡಿಯುತ್ತದೆ, ಹಾಗೆ ನೋಡಿದರೆ ನಮ್ಮದು ಇನ್ನೂರು ಚಿಲ್ಲರೆ ಮರ. ಆ ವರ್ಷ ಮಳೆ ಜಾಸ್ತಿಯಾಗಿ ಕೊಳೆರೋಗ ಬಂದಿತ್ತು. ಮೈಲುತುತ್ತ, ಸುಣ್ಣ, ಮರ ಹತ್ತಿ ಔಷಧಿ ಹೊಡೆಯುವವರ ಕೂಲಿ, ಯಾವುದಕ್ಕೂ ಕೈಯಲ್ಲಿ ದುಡ್ಡಿರಲಿಲ್ಲ. ಅಪ್ಪಯ್ಯ ತೋಟವನ್ನು ಚೇಣಿಗೆ ಕೊಟ್ಟರು, ಅಂದರೆ ಫಸಲನ್ನು ಕೊಯ್ಲಿಗೆ ಮುಂಚೆಯೇ ಇನ್ನೊಬ್ಬರಿಗೆ ಒಪ್ಪಿಸಿದರು. ಮರದ ಮೇಲಿದ್ದ ಫಸಲಿಗೆ ಮುಂಗಡವಾಗಿ ಒಂದಿಷ್ಟು ದುಡ್ಡು ಬಂತು. ಆ ದುಡ್ಡು ಹಳೇ ಸಾಲಕ್ಕೆ ಹೋಯಿತು.

ನಮ್ಮ ಅಂಗಳ ದೊಡ್ಡದು. ಹಾಗಾಗಿ ಚೇಣಿಯವರು ನಮ್ಮದೂ ಸೇರಿ ಸುತ್ತಲಿನ ತೋಟಗಳ ಅಡಿಕೆಯನ್ನೆಲ್ಲ ನಮ್ಮಲ್ಲೇ ಸುಲಿಸಿ, ಬೇಯಿಸಿ, ಒಣಗಿಸುತ್ತಿದ್ದರು. ಸುಲಿಯಲು ಬರುವವರ ಸಾಲಿನಲ್ಲಿ ಅಮ್ಮನೂ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಿದ್ದಳು. ಶನಿವಾರ ರಾತ್ರಿ ನಾನೂ. ನಮ್ಮ ಮರದ್ದೇ ಅಡಿಕೆ, ನಮ್ಮದೇ ಅಂಗಳ, ನಮಗೆ ಸಿಗುತ್ತಿದ್ದದ್ದು ಸುಲಿದ ಲೆಕ್ಕಕ್ಕೆ ಕೂಲಿ. ಆಗ ಅದರಲ್ಲಿ ವಿಚಿತ್ರ ಏನೂ ಕಂಡಿರಲಿಲ್ಲ.

ಕಾಲೇಜಿನಲ್ಲಿ ಯಾರೋ ಹೇಳಿದರು ಅಂತ ಒಂದು ಟ್ರಸ್ಟಿನ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೆ. ಮಾರ್ಕ್ಸ್ ಕಾರ್ಡು, ಆದಾಯ ಪ್ರಮಾಣಪತ್ರ ಎಲ್ಲ ಕೊಟ್ಟಾಗಿತ್ತು. ಕೊನೆಗೆ, "ಭಾನುವಾರ ನಿಮ್ಮ ಮನೆಗೆ ಬಂದು ನೋಡ್ತಾರೆ" ಅಂದರು.

ವಿಷಯ ತಿಳಿದು ಪಕ್ಕದ ಮನೆ ಅಕ್ಕ ಶನಿವಾರ ಸಂಜೆಯೇ ಬಂದಳು. ಅವಳ ಮಗನಿಗೆ ಹಿಂದಿನ ವರ್ಷ ಇಂಥದ್ದೇ ಒಂದು ಕಡೆಯಿಂದ ಸಹಾಯ ಸಿಕ್ಕಿತ್ತು. ಜಗಲಿಯಲ್ಲಿ ಕೂತು ಪಟ್ಟಿ ಕೊಡುತ್ತಾ ಹೋದಳು. "ಅತ್ತಿಗೆ, ಆ ಟೀವಿ ನಮ್ಮನೆಗೆ ಕಳಿಸು. ನೀನು ಹಳೇ ಸೀರೆ ಉಟ್ಕೋ. ಅಣ್ಣಯ್ಯ ಅಂಗಿ ಹಾಕ್ಕೊಳ್ಳೋದು ಬೇಡ. ಬಂದವರಿಗೆ ಬರೀ ನೀರು ಕೊಡು, ಬೆಲ್ಲ ಕೂಡ ಇಡಬೇಡ ಮಾರಾಯ್ತಿ."

ಅವಳು ಮೋಸಗಾತಿ ಅಲ್ಲ. ಗಂಡ ಹಾಸಿಗೆ ಹಿಡಿದಿದ್ದ, ಗದ್ದೆ ಅಡವು ಬಿದ್ದಿತ್ತು, ಮನೆ ನಡೆಯುತ್ತಿದ್ದದ್ದು ಅವಳ ಕೂಲಿಯಲ್ಲಿ. ಆದರೂ ಟೇಪ್‌ರೆಕಾರ್ಡರನ್ನು ಅಟ್ಟದ ಮೇಲೆ ಅಡಗಿಸಿಟ್ಟಿದ್ದಳು. ಇದ್ದ ಬಡತನವೇ ಬೇಕಾದಷ್ಟಿತ್ತು. ನೋಡುವವರ ಕಣ್ಣಿಗೆ ಅದು ಸಾಲುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು, ಅಷ್ಟೇ.

ಅಮ್ಮ ಎಲ್ಲ ಕೇಳಿಸಿಕೊಂಡಳು. ಬೆಳಗ್ಗೆ ಎದ್ದು ಅಂಗಳಕ್ಕೆ, ಜಗಲಿಗೆ ಸಗಣಿ ಸಾರಿಸಿದಳು. ರಂಗೋಲಿ ಹಾಕಿದಳು. ತನ್ನ ತಮ್ಮನ ಮದುವೆಗೆ ಉಟ್ಟಿದ್ದ ಸೀರೆ ತೆಗೆದು ಉಟ್ಟಳು. ಅದೇ ಪಕ್ಕದ ಮನೆಗೆ ನನ್ನನ್ನು ಕಳಿಸಿ ಒಂದು ಲೋಟ ಸಕ್ಕರೆ ಕಡ ತರಿಸಿದಳು. "ಮನೆಗೆ ಬರೋರು ಎಂತಕ್ಕಾದ್ರೂ ಬರ್ಲಿ, ನಮ್ಮನೆಗೆ ಬರೋದಲ್ವಾ?" ಅಂದಳು. ಅಕ್ಕ ಸಕ್ಕರೆ ಕೊಡುತ್ತಾ ಹಣೆ ಬಡಿದುಕೊಂಡಳು.

ಬಂದವರು ಇಬ್ಬರು. ಒಬ್ಬರು ಹಿರಿಯರು, ಇನ್ನೊಬ್ಬರು ಫೈಲು ಹಿಡಿದ ಹುಡುಗ. ಕೆಟ್ಟವರೇನಲ್ಲ. ಭಾನುವಾರ ಬಿಟ್ಟು ಸ್ಕೂಟರಿನಲ್ಲಿ ಅಷ್ಟು ದೂರ ಧೂಳು ಕುಡಿದು ಬಂದಿದ್ದರು. ಅಂಗಳಕ್ಕೆ ಕಾಲಿಟ್ಟವರೇ ಚಪ್ಪರದ ಕಡೆ ನೋಡಿದರು. ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರಿನಲ್ಲಿ, ಬೆಂದು ಬಂದ ಅಡಿಕೆ ಚಪ್ಪರದ ತುಂಬ ಕೆಂಪಗೆ ಹರಡಿತ್ತು. ಹುಡುಗ ಏನೋ ಬರೆದುಕೊಂಡ.

"ಅದು ನಮ್ದಲ್ಲ ಸಾರ್. ತೋಟ ಚೇಣಿಗೆ ಕೊಟ್ಟಿದೀವಿ" ಅಂದರು ಅಪ್ಪಯ್ಯ.

"ಓಹೋ, ಲೀಸಿಗೆ ಕೊಡುವಷ್ಟಿದೆ ಅನ್ನಿ" ಅಂದರು ಹಿರಿಯರು, ನಗುತ್ತಾ.

ಅಪ್ಪಯ್ಯ ಸುಮ್ಮನಾದರು. ಚೇಣಿಗೆ ಕೊಟ್ಟಿದ್ದೇವೆ ಅಂದರೆ ಹಳ್ಳಿಯಲ್ಲಿ ಚಿಕ್ಕ ಮಗುವಿಗೂ ಅರ್ಥವಾಗುತ್ತದೆ, ಆ ಮನೆಯಲ್ಲಿ ಏನೋ ತಾಪತ್ರಯ ಇದೆ ಅಂತ. ಪೇಟೆಯವರಿಗೆ ಅದು ವ್ಯಾಪಾರದ ಹಾಗೆ ಕೇಳಿಸಿತು. ಬಿಡಿಸಿ ಹೇಳಬೇಕಿತ್ತು. ಆದರೆ ಸಾಲದ ಲೆಕ್ಕವನ್ನು ಅಪರಿಚಿತರ ಮುಂದೆ, ಅದೂ ಮಗಳು ಬಾಗಿಲಲ್ಲಿ ನಿಂತಿರುವಾಗ, ಯಾವ ಅಪ್ಪ ಬಿಡಿಸಿ ಹೇಳುತ್ತಾನೆ?

ಆಮೇಲೆ ಕಂಬ ಮುಟ್ಟಿ ನೋಡಿದರು. "ಸಾಗುವಾನಿಯಾ?" ಅಜ್ಜನ ಕಥೆ ಹೇಳಲು ಅಪ್ಪಯ್ಯ ಬಾಯಿ ತೆರೆದರು. "ಮುಳುಗಡೆಯವರಾ? ಹಾಗಾದ್ರೆ ಪರಿಹಾರ ಚೆನ್ನಾಗಿ ಬಂದಿರಬೇಕು" ಅಂದರು. ಕೊಟ್ಟಿಗೆಯಲ್ಲಿದ್ದ ಮಲೆನಾಡು ಗಿಡ್ಡ ದನ ನೋಡಿ, "ಹೈನೂ ಇದೆ" ಅಂದರು. ಆ ಪುಣ್ಯಾತ್ಗಿತ್ತಿ ಎರಡು ಹೊತ್ತು ಸೇರಿ ಒಂದು ಲೀಟರು ಕೊಟ್ಟರೆ ಹೆಚ್ಚು. ಹೈನು ಅಂತ ಬರೆಸಿಕೊಂಡ ಹೆಮ್ಮೆ ಅದಕ್ಕೆ ಸಿಕ್ಕಿತು, ಇರಲಿ.

ಅಮ್ಮ ಆಸರಿಗೆ ತಂದಳು. ನೆಂಟರಿಗೆ ಅಂತ ಎತ್ತಿಟ್ಟಿದ್ದ ಸ್ಟೀಲ್ ಲೋಟದಲ್ಲಿ ಗಟ್ಟಿ ಹಾಲಿನ ಕಾಫಿ, ತಟ್ಟೆಯಲ್ಲಿ ಒಗ್ಗರಣೆ ಅವಲಕ್ಕಿ, ಮನೆ ಬಾಳೆಹಣ್ಣು. ಇಬ್ಬರೂ ಖುಷಿಯಿಂದ ತಿಂದರು. ಹಿರಿಯರು ಇನ್ನೊಂದು ಅರ್ಧ ಲೋಟ ಕಾಫಿ ಕೇಳಿ ಹಾಕಿಸಿಕೊಂಡರು. "ಮಲೆನಾಡಿನ ಉಪಚಾರ ಅಂದ್ರೆ ಇದು ನೋಡಯ್ಯ" ಅಂತ ಹುಡುಗನಿಗೆ ಹೇಳಿದರು. ಆಮೇಲೆ ಅಮ್ಮನ ಕೈ ಕಡೆ ನೋಡಿ, "ಬಳೆ ಚೆನ್ನಾಗಿದೆಯಮ್ಮ" ಅಂದರು. ಕೋಟೆ ಮಾರಿಕಾಂಬೆ ಜಾತ್ರೆಯಲ್ಲಿ ಕೊಂಡ ರೋಲ್ಡ್ ಗೋಲ್ಡ್ ಬಳೆ ಅದು. ಬಳೆಯ ಪಕ್ಕದಲ್ಲೇ ಇದ್ದ ಬೆರಳುಗಳು ಅಡಿಕೆ ಕಲೆಯಿಂದ ಕಪ್ಪಾಗಿದ್ದವು.

ಹದಿನೈದು ದಿನ ಕಳೆದು ಉತ್ತರ ಬಂತು. ಸ್ಥಳ ಪರಿಶೀಲನೆಯಲ್ಲಿ ಕುಟುಂಬ ಅನುಕೂಲಸ್ಥವೆಂದು ಕಂಡುಬಂದಿದೆಯಂತೆ. ಕೊಟ್ಟಿದ್ದ ಆದಾಯ ಪ್ರಮಾಣಪತ್ರದ ಬಗ್ಗೆ ಕೇಳಿದ್ದಕ್ಕೆ, "ಸರ್ಟಿಫಿಕೇಟ್ ಯಾರು ಬೇಕಾದ್ರೂ ಮಾಡಿಸ್ಕೊಂಡು ಬರ್ತಾರಮ್ಮ" ಅಂದರು. ನನಗೆ ಅಮ್ಮನ ಮೇಲೆ ಸಿಟ್ಟು ಬಂತು. ಅವಳು, "ಅವ್ರು ಕೊಡದಿದ್ರೆ ಅವ್ರ ಇಷ್ಟ. ಬರೀ ನೀರು ಕೊಟ್ಟು ಕಳಿಸಿದ್ರೆ ನಂಗೆ ಆ ವರ್ಷ ಪೂರ್ತಿ ಊಟ ಸೇರ್ತಿರಲಿಲ್ಲ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅಕ್ಕ ಹೇಳಿದ್ದೂ ಸರಿ, ಅಮ್ಮ ಮಾಡಿದ್ದೂ ಸರಿ. ಇಬ್ಬರಲ್ಲಿ ಒಬ್ಬರನ್ನು ತಪ್ಪು ಮಾಡುವ ಪರಿಶೀಲನೆಯಲ್ಲೇ ಏನೋ ಐಬಿದೆ ಅನ್ನುವುದು ನನ್ನ ಲೆಕ್ಕ.

ಕೊನೆಗೆ ಫೀಸಿನ ದುಡ್ಡು ಬಂದದ್ದು ಸ್ತ್ರೀಶಕ್ತಿ ಸಂಘದಿಂದ. ರಾಜ್ಯದಲ್ಲಿ ಸ್ತ್ರೀಶಕ್ತಿ ಶುರುವಾದದ್ದು 2000-01ರಲ್ಲಿ, ನಮ್ಮೂರಿಗೂ ಆಗಷ್ಟೇ ಬಂದಿತ್ತು. ವಾರಕ್ಕೆ ಹತ್ತು ರೂಪಾಯಿ ಉಳಿತಾಯ. ಅಲ್ಲಿ ಮನೆ ನೋಡುವ ಶಾಸ್ತ್ರ ಇಲ್ಲ. ಯಾರ ಮನೆಯ ಅಕ್ಕಿ ಡಬ್ಬ ಯಾವತ್ತು ಖಾಲಿಯಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಕಂಬ ನೋಡಿ ಯಾರೂ ಮರುಳಾಗಲಿಲ್ಲ. ಹಾಗಂತ ಅವರೆಲ್ಲ ದೇವತೆಗಳು ಅಂತಲೂ ಅಲ್ಲ. "ಹೆಣ್ಣು ಹುಡುಗಿ ಡಿಗ್ರಿ ಓದಿ ಎಂತ ಮಾಡ್ತಾಳೆ?" ಅಂತ ಒಬ್ಬಳು ತಕರಾರು ತೆಗೆದಳು. ಅರ್ಧ ಗಂಟೆ ಜಗಳ ಆಯಿತು. ಜಗಳ ಆಗಿ ದುಡ್ಡು ಸಿಕ್ಕಿತು. ಬಡ್ಡಿ ಸೇರಿಸಿ ತೀರಿಸಿದೆವು.

ಈಗ ಶಿವಮೊಗ್ಗದಲ್ಲೇ ಕೆಲಸ. ನಾವೊಂದಿಷ್ಟು ಗೆಳೆಯರು ಸೇರಿ ವರ್ಷಕ್ಕೊಮ್ಮೆ ಕೈಲಾದಷ್ಟು ದುಡ್ಡು ಹಾಕಿ ಕೆಲವು ಮಕ್ಕಳ ಫೀಸು ಕಟ್ಟುತ್ತೇವೆ. ಈಗ ಮನೆ ನೋಡಲು ಹೋಗುವ ಪಾಳಿ ನನ್ನದು.

ಕಳೆದ ವರ್ಷ ಹೊಸನಗರ ತಾಲ್ಲೂಕಿನಲ್ಲಿ, ನಗರ ಅನ್ನುವ ಊರಿನ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ತೋಟದಲ್ಲಿ ಎಲೆಚುಕ್ಕಿ ರೋಗ ಬಂದು ಸೋಗೆಗಳು ಸುಟ್ಟ ಹಾಗೆ ನಿಂತಿದ್ದವು. ರಾಶಿ ಅನ್ನುವ ಬಗೆಯ ಕೆಂಪಡಿಕೆ ಕ್ವಿಂಟಾಲಿಗೆ ಐವತ್ತು ಸಾವಿರದ ಆಚೀಚೆ ಅಂತ ಪೇಪರಿನಲ್ಲಿ ಓದಿದವರಿಗೆ ತೋಟದವರೆಲ್ಲ ಸಾಹುಕಾರರು. ಮರದಲ್ಲಿ ಕಾಯಿಯೇ ಇಲ್ಲದವನಿಗೆ ಧಾರಣೆ ಎಷ್ಟಿದ್ದರೇನು? ಜೊತೆಗೆ ಬಂದಿದ್ದ ಗೆಳೆಯ ಅಂಗಳದಲ್ಲಿ ನಿಂತಿದ್ದ ಬೈಕು ತೋರಿಸಿದ. ಆಮೇಲೆ ಹುಡುಗಿಯ ಕೈಯಲ್ಲಿದ್ದ ಫೋನು. ಆಮೇಲೆ ಮೆಲ್ಲಗೆ, "ಗೃಹಲಕ್ಷ್ಮಿ ಎರಡು ಸಾವಿರ ಬರುತ್ತೆ, ಬಸ್ಸು ಫ್ರೀ, ಅಕ್ಕಿ ಫ್ರೀ. ಇನ್ನೇನು ಬೇಕು?" ಅಂದ.

ಬಸ್ಸಿನ ಮಾತು ಕೇಳಿ ನಗು ಬಂತು. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂತು ನಿಜ. ಅದು ನಡೆಯುವುದು ಸರ್ಕಾರಿ ಬಸ್ಸಿನಲ್ಲಿ. ಮಲೆನಾಡಿನ ಒಳಹಳ್ಳಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಆ ಊರಿಗೆ ಬರುವುದೂ ಖಾಸಗಿ ಬಸ್ಸೇ, ಮಳೆ ಜಾಸ್ತಿಯಾದರೆ ಅದೂ ಬರುವುದಿಲ್ಲ. ಬೈಕಿಗೆ ಕಂತು ಕಟ್ಟುತ್ತಿದ್ದಾರೆ, ಅದಿಲ್ಲದಿದ್ದರೆ ಅಪ್ಪ ಕೂಲಿಗೆ ಹೋಗುವ ಹಾಗಿಲ್ಲ. ಫೋನಿಲ್ಲದಿದ್ದರೆ ಕಾಲೇಜಿನ ನೋಟ್ಸ್ ಇಲ್ಲ, ಓಟಿಪಿ ಇಲ್ಲ, ಯಾವ ಯೋಜನೆಯ ದುಡ್ಡು ಬಂತು ಅಂತ ಗೊತ್ತಾಗುವುದೂ ಇಲ್ಲ. ಈಗ ಬಡವರಾಗಿರಲಿಕ್ಕೂ ಒಂದು ಫೋನು ಬೇಕು.

ಅದೇ ದಿನ ಇನ್ನೊಂದು ಮನೆಗೆ ಹೋದೆವು. ಅಲ್ಲಿ ಎಲ್ಲವೂ ನನ್ನ ಗೆಳೆಯನಿಗೆ ಬೇಕಾದ ಹಾಗೇ ಇತ್ತು. ಹರಿದ ಚಾಪೆ, ಖಾಲಿ ಗೋಡೆ, ತಲೆ ತಗ್ಗಿಸಿ ನಿಂತ ತಾಯಿ. ಗೋಡೆಯ ಶೆಲ್ಫಿನ ಮೇಲೆ ದಪ್ಪಗೆ ಧೂಳು ಕೂತಿತ್ತು. ಅದರ ನಡುವೆ ಟೀವಿ ಅಗಲದ ಒಂದು ಜಾಗ ಮಾತ್ರ ಚೊಕ್ಕಟ. ಮೇಲೆ ಕೇಬಲ್ ವೈರು ನೇತಾಡುತ್ತಿತ್ತು. ಗೆಳೆಯ ಅದನ್ನು ನೋಡಲಿಲ್ಲ. ನಾನು ನೋಡಿದೆ, ಹೇಳಲಿಲ್ಲ. ಸಾಲ ಎಲ್ಲೆಲ್ಲಿದೆ ಅಂತ ಕೇಳಿದೆ. ಆ ತಾಯಿ ಒಂದು ಪ್ಲಾಸ್ಟಿಕ್ ಕವರು ತಂದು ಮುಂದಿಟ್ಟರು. ಮೈಕ್ರೋಫೈನಾನ್ಸಿನ ಪುಸ್ತಕಗಳು, ಒಡವೆ ಅಡವಿಟ್ಟ ಚೀಟಿಗಳು. ವಾರಕ್ಕೆ ಇಂತಿಷ್ಟು ಅಂತ ಕಂತು. ಒಂದನ್ನು ತೀರಿಸಲು ಇನ್ನೊಂದು ತೆಗೆದದ್ದು ತಾರೀಕು ನೋಡಿದರೇ ಗೊತ್ತಾಗುತ್ತಿತ್ತು. ಟೀವಿಯನ್ನು ಯಾರ ಮನೆಗೆ ಕಳಿಸಿದ್ದರೋ, ಅದರಿಂದ ಆ ಲೆಕ್ಕದಲ್ಲಿ ಒಂದು ರೂಪಾಯಿಯೂ ಆಚೀಚೆ ಆಗುತ್ತಿರಲಿಲ್ಲ.

ಇಬ್ಬರು ಮಕ್ಕಳಿಗೂ ಫೀಸು ಕಟ್ಟಿದೆವು. ಗೆಳೆಯ ಮೊದಲ ಮನೆಗೆ ಒಪ್ಪಿದ್ದು ತುಂಬ ವಾದ ಆದ ಮೇಲೆ.

ಆಮೇಲೆ ನಮ್ಮ ಅರ್ಜಿಯಲ್ಲಿದ್ದ "ಮನೆಯ ಸ್ಥಿತಿ", "ಗೃಹೋಪಯೋಗಿ ವಸ್ತುಗಳು" ಅನ್ನುವ ಎರಡು ಕಾಲಂ ತೆಗೆಯೋಣ ಅಂದೆ. ಅದರ ಬದಲು ಪಹಣಿ ಯಾರ ಹೆಸರಿನಲ್ಲಿದೆ, ಈ ವರ್ಷದ ಫಸಲು ಯಾರಿಗೆ ಹೋಗುತ್ತದೆ, ವಾರದ ಕಂತು ಎಷ್ಟು, ಮನೆಯಲ್ಲಿ ಔಷಧಿ ಯಾರಿಗೆ ನಡೆಯುತ್ತಿದೆ ಅಂತ ಕೇಳೋಣ. ಇದನ್ನೂ ಅಂಗಳದಲ್ಲಿ ನಿಂತು ಕೇಳುವುದು ಬೇಡ, ಒಬ್ಬರೇ ಒಳಗೆ ಕೂತು ಕೇಳಬೇಕು. "ಹಾಗಾದ್ರೆ ಸುಳ್ಳು ಹೇಳೋರು ಬರ್ತಾರೆ" ಅಂದ ಗೆಳೆಯ. ಬರಬಹುದು. ಈಗಲೂ ಬರುತ್ತಿದ್ದಾರೆ, ಟೀವಿ ಸಾಗಿಸುವ ತೊಂದರೆ ತೆಗೆದುಕೊಂಡು. ಎರಡು ಕಾಲಮ್ಮಿನಲ್ಲಿ ಒಂದು ಹೋಯಿತು. "ಮನೆಯ ಸ್ಥಿತಿ" ಇನ್ನೂ ಉಳಿದಿದೆ. ಮನೆಯ ಫೋಟೋ ಬೇಡ ಅಂದರೆ ದುಡ್ಡು ಹಾಕುವವರು ಒಪ್ಪುವುದಿಲ್ಲವಂತೆ. ಮುಂದಿನ ಮೀಟಿಂಗಿನಲ್ಲಿ ಮತ್ತೆ ಜಗಳ ಆಡಬೇಕು.